ಎಡಕ್ಕೊಂದು ಮದ್ದು, ಬಲಕ್ಕೊಂದು ಮದ್ದು: ಹಳೇ ಲಾರಿಯ ತುಕ್ಕು ಬಿಡಿಸಿದ್ದು

ಹಳೇ ಲಾರಿ ತಂದವರಿಗೆಲ್ಲ ಮೊದಲು ಎಂಜಿನ್‌ದೇ ಚಿಂತೆ. ನನಗೂ ಹಾಗೇ ಇತ್ತು. ಎಂಜಿನ್ ಮೂರು ವಾರಕ್ಕೆ ಸ್ಟಾರ್ಟ್ ಆಯಿತು. ತುಕ್ಕಿನ ಜೊತೆಗಿನ ಗುದ್ದಾಟ ಎರಡು ವರ್ಷ ಹಿಡಿಯಿತು.

ಲಾರಿಯಲ್ಲಿ ಒಂದು ಅನುಕೂಲ ಇದೆ, ಹೆಚ್ಚಿನ ಭಾಗಗಳು ಜೋಡಿ ಜೋಡಿ. ಎಡಬಾಗಿಲಿಗೆ ಇರುವ ಕೀಲೇ ಬಲಬಾಗಿಲಿಗೂ ಇರುತ್ತದೆ. ಎರಡೂ ಒಂದೇ ಮಳೆಯಲ್ಲಿ ನೆಂದು, ಒಂದೇ ಬಿಸಿಲಲ್ಲಿ ಒಣಗಿರುತ್ತವೆ. ಯಾವ ಮದ್ದು ಒಳ್ಳೆಯದು ಅಂತ ಕೇಳಿದರೆ ಹತ್ತು ಜನ ಹತ್ತು ಮಾತು ಹೇಳುತ್ತಾರೆ. ಹಾಗಾಗಿ ಎಡದ್ದಕ್ಕೆ ಒಂದು, ಬಲದ್ದಕ್ಕೆ ಇನ್ನೊಂದು ಮಾಡಿ ನಾನೇ ನೋಡಿಬಿಟ್ಟೆ.

ಶುರು ಮಾಡಿದ್ದು ಎಲ್ಲರ ಹಾಗೆ ಗ್ರೈಂಡರ್‌ಗೆ ತಂತಿ ಬ್ರಷ್ ಹಾಕಿ. ಅರ್ಧ ಗಂಟೆಯಲ್ಲಿ ಕಬ್ಬಿಣ ಫಳಫಳ. ಖುಷಿಯಾಯಿತು. ಆಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಸಣ್ಣ ಸಣ್ಣ ಗುಳಿಗಳಲ್ಲಿ ತುಕ್ಕು ಹಾಗೇ ಕೂತಿತ್ತು. ತಂತಿ ಅದನ್ನು ತೆಗೆದಿರಲಿಲ್ಲ, ಉಜ್ಜಿ ಉಜ್ಜಿ ಪಾಲಿಶ್ ಮಾಡಿತ್ತು ಅಷ್ಟೇ. ಇದರ ಮೇಲೆ ಬಣ್ಣ ಹೊಡೆದರೆ ಒಳಗಿಂದ ಮತ್ತೆ ಎದ್ದು ಬರುತ್ತದೆ. ಜೊತೆಗೆ ತಂತಿಯ ಎಳೆಗಳು ಕಿತ್ತು ಹಾರುತ್ತವೆ. ನನ್ನ ದಪ್ಪ ಜೀನ್ಸ್ ದಾಟಿ ತೊಡೆಗೆ ಒಂದು ಚುಚ್ಚಿತ್ತು. ಸಣ್ಣ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಬ್ರಷ್ ಮೇಲೆ ಬರೆದಿರುವ ವೇಗ ಅದಕ್ಕಿಂತ ಕಡಿಮೆ ಇದ್ದರೆ ಹಾಕಲೇಬೇಡಿ. ಹಳೇ ಗಾಡಿಗಳ ಬಣ್ಣದಲ್ಲಿ ಸೀಸ ಇರುವುದು ಮಾಮೂಲು. ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಬರೀ ಕರ್ಚೀಫ್ ಕಟ್ಟಿಕೊಂಡರೆ ಸಾಲದು.

ನಿಜವಾದ ಪೈಪೋಟಿ ನಡೆದಿದ್ದು ಕರೆಂಟಿಗೂ ಕಾಕಂಬಿಗೂ (ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಮಂದ ಪಾಕ).

ಬಲಗಡೆಯ ಕೀಲು ಕರೆಂಟ್ ತೊಟ್ಟಿಗೆ ಹೋಯಿತು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟ್ ಬ್ಯಾಟರಿ ಚಾರ್ಜರ್. ಚಾರ್ಜರಿನ ಮೈನಸ್ ಕೀಲಿಗೆ, ಪ್ಲಸ್ ಒಂದು ಗುಜರಿ ಕಬ್ಬಿಣದ ತುಂಡಿಗೆ. ಚಾರ್ಜರ್ ಹಳೇ ಕಾಲದ್ದೇ ಇದ್ದರೆ ಒಳ್ಳೆಯದು. ಈಗಿನ ಸ್ಮಾರ್ಟ್ ಚಾರ್ಜರ್‌ಗಳಲ್ಲಿ ಎಷ್ಟೋ, ಬ್ಯಾಟರಿ ಕಾಣದಿದ್ದರೆ ಕರೆಂಟೇ ಬಿಡುವುದಿಲ್ಲ. ಹಾಕಿದ ತಕ್ಷಣ ಕೀಲಿನ ಸುತ್ತ ಸಣ್ಣ ಗುಳ್ಳೆ ಏಳತೊಡಗಿದವು, ಸೋಡಾ ಬಾಟಲಿ ತೆರೆದ ಹಾಗೆ. ಅದು ಹೈಡ್ರೋಜನ್. ಮುಚ್ಚಿದ ಕೋಣೆಯಲ್ಲಿ ಇದನ್ನು ಮಾಡಬೇಡಿ. ಕ್ಲಿಪ್ ತೆಗೆಯುವ ಮುಂಚೆ ಚಾರ್ಜರ್ ಆಫ್ ಮಾಡಿ, ಒಂದು ಕಿಡಿ ಸಾಕು.

14 ಗಂಟೆ ಬಿಟ್ಟು ಎತ್ತಿದೆ. ಮೈಯೆಲ್ಲ ಕರಿ ಲೋಳೆ. ಹಳೇ ಟೂತ್‌ಬ್ರಷ್ಷಿನಿಂದ ತಿಕ್ಕಿದರೆ ಹಾಗೇ ಜಾರಿಹೋಯಿತು. ಬಣ್ಣವೂ ಹಾಳೆ ಹಾಳೆಯಾಗಿ ಕಿತ್ತುಬಂತು. ಕೆಳಗೆ ಅಚ್ಚೊತ್ತಿದ ಮೂರು ಅಂಕಿ ಕಾಣಿಸಿತು. ಅಲ್ಲಿ ನಂಬರ್ ಇದೆ ಅಂತ ಅವತ್ತಿನವರೆಗೂ ನನಗೆ ಗೊತ್ತಿರಲಿಲ್ಲ. ಆದರೆ ಕೀಲಿನ ಪಿನ್ ಮಾತ್ರ ಅಲ್ಲಾಡಲಿಲ್ಲ. ಕರೆಂಟ್ ಎದುರಿಗೆ ಕಂಡಷ್ಟನ್ನು ಚೆನ್ನಾಗಿ ಬಿಡಿಸುತ್ತದೆ, ಸಂದಿಯೊಳಗೆ ಅದರ ಆಟ ನಡೆಯುವುದಿಲ್ಲ.

ಎಡಗಡೆಯ ಕೀಲನ್ನು ಕಾಕಂಬಿಯಲ್ಲಿ ಮುಳುಗಿಸಿದೆ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು. ಮೊದಲು ಗ್ರೀಸನ್ನು ಪೂರ್ತಿ ತೊಳೆಯಬೇಕು, ಜಿಡ್ಡಿದ್ದ ಕಡೆ ಏನೂ ಆಗುವುದಿಲ್ಲ. ಮೂರನೇ ದಿನ ಮೇಲೆ ನೊರೆ, ಒಂದು ವಾರಕ್ಕೆ ಬೂಷ್ಟು. ವಾಸನೆ ಬಗ್ಗೆ ಏನು ಹೇಳಲಿ? ಮನೆಯವರು ಡ್ರಮ್ಮನ್ನು ಕಾಂಪೌಂಡಿನ ಮೂಲೆಗೆ ಸಾಗಿಸಿದರು, ಜೊತೆಗೆ ನನ್ನನ್ನೂ ಅಂತಲೇ ಇಟ್ಟುಕೊಳ್ಳಿ. 12ನೇ ದಿನ ಕೀಲು ತೆಗೆದು, ತೊಳೆದು, ಸುಮ್ನೆ ಕೈಯಲ್ಲಿ ತಿರುಗಿಸಿದೆ. ಪಿನ್ ತಿರುಗಿತು! ಸುತ್ತಿಗೆ, ಬೆಂಕಿ ಯಾವುದಕ್ಕೂ ಬಗ್ಗದಿದ್ದದ್ದು. ನೀರು ನುಗ್ಗುವ ಕಡೆಯೆಲ್ಲ ಕಾಕಂಬಿ ನುಗ್ಗಿ ತುಕ್ಕನ್ನು ನಿಧಾನಕ್ಕೆ ಹಿಡಿದುಕೊಂಡು ಕರಗಿಸುತ್ತದೆ. ಒಳ್ಳೆ ಉಕ್ಕಿಗೆ ಹೆಚ್ಚೇನೂ ಮಾಡುವುದಿಲ್ಲ. ಬಣ್ಣ ಮಾತ್ರ ಹೆಚ್ಚು ಕಡಿಮೆ ಹಾಗೇ ಉಳಿದಿತ್ತು, ಅದನ್ನು ಬೇರೆ ತೆಗೆಯಬೇಕಾಯಿತು.

ಎರಡರಲ್ಲೂ ನಾನು ಒಂದೊಂದು ಪೆದ್ದುತನ ಮಾಡಿದ್ದೇನೆ. ಕಾಕಂಬಿಗೆ ಬಾಗಿಲ ಹಿಡಿಯನ್ನೂ ಎಸೆದಿದ್ದೆ. ಅದು ಉಕ್ಕಲ್ಲ, ಅಲ್ಯೂಮಿನಿಯಂ. ಹೊರಗೆ ಬಂದಾಗ ಇಲಿ ಕಡಿದ ಹಾಗಿತ್ತು. ಕರೆಂಟ್ ತೊಟ್ಟಿಯಲ್ಲಿ ಒಂದು ರಾತ್ರಿ ತಂತಿ ಅದಲುಬದಲು ಮಾಡಿ ಮಲಗಿದೆ. ಬೆಳಗ್ಗೆ ಗುಜರಿ ತುಂಡು ಚೆನ್ನಾಗಿತ್ತು, ಕನ್ನಡಿ ಬ್ರಾಕೆಟ್ ಸವೆದಿತ್ತು. ಇನ್ನೊಂದು ವಿಷಯ: ತುಕ್ಕು ಹಿಡಿಯಲ್ಲ ಅಂತ ಗುಜರಿ ತುಂಡಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಹಾಕುವವರಿದ್ದಾರೆ. ಬೇಡ. ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ.

ಚಾಸಿಯನ್ನು, ಅಂದರೆ ಲಾರಿಯ ಅಡಿಯ ಚೌಕಟ್ಟನ್ನು, ಡ್ರಮ್ಮಿಗೆ ಹಾಕಲು ಆಗುವುದಿಲ್ಲವಲ್ಲ. ಅದಕ್ಕೆ ಸ್ಯಾಂಡ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಗಟ್ಟಿ ಕಾಳು ಬಡಿಸಿ ತುಕ್ಕು ಕೀಳುವುದು) ಬಿಟ್ಟರೆ ಗತಿಯಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮನೆಯ ಸಣ್ಣ ಕಂಪ್ರೆಸರ್ ಈ ಕೆಲಸಕ್ಕೆ ಉಸಿರು ಸಾಲದೆ ಸುಸ್ತಾಗುತ್ತದೆ, ಹಾಗಾಗಿ ಹೊರಗೆ ಕೊಟ್ಟೆ. ಸ್ಯಾಂಡ್ ಅಂತ ಹೆಸರಿದ್ದರೂ ಮರಳು ಬಳಸಬಾರದು. ಅದರ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆಯಲ್ಲ. ಗಾರ್ನೆಟ್ ಅನ್ನುವ ಗಟ್ಟಿ ಖನಿಜದ ಕಾಳು ಹಾಕಿಸಿ. ಒಂದೇ ದಿನದಲ್ಲಿ ಚಾಸಿ ಬೂದುಬಣ್ಣದ ಬರೀ ಮೈಯಾಗಿ ನಿಂತಿತು, ರಿವೆಟ್ ತಲೆಗಳ ಸುತ್ತ ಕೂಡ ಚೊಕ್ಕ. ಬಣ್ಣದಡಿ ಅಡಗಿದ್ದ ಎರಡು ತೂತೂ ಬಯಲಾದವು. ಬ್ಲಾಸ್ಟಿಂಗ್ ತೂತು ಮಾಡಿತು ಅಂತ ಬೈಯಬೇಡಿ, ಅಲ್ಲಿ ಕಬ್ಬಿಣ ಮೊದಲೇ ಇರಲಿಲ್ಲ. ಆದರೆ ರಿವೆಟ್ ಹಾಕಿ ಜೋಡಿಸಿದ ಎರಡು ತಗಡಿನ ನಡುವೆ ಇದೂ ಹೋಗುವುದಿಲ್ಲ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಅದಕ್ಕೇ ಅಲ್ಲಿ ತಗಡು ಉಬ್ಬಿರುತ್ತದೆ. ಅಂಥ ಕಡೆ ರಿವೆಟ್ ಕೊರೆದು ಬಿಚ್ಚಲೇಬೇಕು.

ಅದೇ ಹುರುಪಿನಲ್ಲಿ ಬಾನೆಟ್ಟಿನ ಒಂದು ಪಕ್ಕವನ್ನೂ ಕಳಿಸಿದೆ. ವಾಪಸ್ ಬಂದದ್ದು ಹಪ್ಪಳ. ಬಿಸಿಯಾಗಿ ಬಾಗಿತು ಅಂತ ಎಲ್ಲರೂ ಹೇಳುತ್ತಾರೆ. ಮುಖ್ಯ ಕಾರಣ ಪೆಟ್ಟು. ಕಾಳು ಬಡಿದು ಬಡಿದು ಒಂದು ಮೈ ಹಿಗ್ಗುತ್ತದೆ, ತೆಳು ತಗಡು ಆ ಕಡೆಗೆ ಉಬ್ಬುತ್ತದೆ. ಇನ್ನೊಂದು ಪಕ್ಕವನ್ನು ನಾನೇ ಪೇಂಟ್ ರಿಮೂವರ್ ಹಾಕಿ, ಫಾಸ್ಫಾರಿಕ್ ಆಸಿಡ್ ಹಚ್ಚಿ ಮಾಡಿದೆ, ನೆಟ್ಟಗೆ ಉಳಿಯಿತು. ಆಸಿಡ್ ತೆಳು ತುಕ್ಕಿಗೆ ಮಾತ್ರ, ಪದರ ಎದ್ದದ್ದಕ್ಕೆ ಅಲ್ಲ. ಸರಿಯಾಗಿ ತೊಳೆಯದೆ ಬಣ್ಣ ಹೊಡೆದರೆ ಗುಳ್ಳೆ ಗ್ಯಾರಂಟಿ.

ಯಾವುದರಿಂದ ಬಿಡಿಸಿದರೂ ಬರೀ ಕಬ್ಬಿಣಕ್ಕೆ ಅವತ್ತೇ ಪ್ರೈಮರ್ ಬೇಕು. ಗಾಳಿಯಲ್ಲಿ ತೇವ ಇದ್ದರೆ ಕೆಲವೇ ಗಂಟೆಯಲ್ಲಿ ಮತ್ತೆ ಕೆಂಪು ಹತ್ತುತ್ತದೆ.

ಈಗ ಸಣ್ಣ ಭಾಗಗಳಿಗೆ ಕರೆಂಟ್, ಹಿಡಿದುಕೊಂಡ ಕೀಲು ಪಿನ್ನುಗಳಿಗೆ ಕಾಕಂಬಿ, ಚಾಸಿಗೆ ಬ್ಲಾಸ್ಟಿಂಗ್. ಲೀಫ್ ಸ್ಪ್ರಿಂಗ್ ಪಟ್ಟಿಗಳನ್ನು ಮಾತ್ರ ಕರೆಂಟಿಗಾಗಲಿ ಆಸಿಡ್ಡಿಗಾಗಲಿ ಕೊಡುವುದಿಲ್ಲ. ಹೈಡ್ರೋಜನ್ ಒಳಗೆ ಹೊಕ್ಕರೆ ಗಟ್ಟಿ ಉಕ್ಕು ಪೆಡಸಾಗಿ, ಲೋಡ್ ಬಿದ್ದಾಗ ಫಟ್ ಅಂತ ಮುರಿಯಬಹುದು. ಅವನ್ನು ಕೈಯಲ್ಲೇ ಬ್ರಷ್ ಹಿಡಿದು ತಿಕ್ಕುತ್ತಿದ್ದೇನೆ. ಎಡಗಡೆಯದು ಮುಗಿದಿದೆ, ಬಲಗಡೆ ಇನ್ನೂ ಆರು ಪಟ್ಟಿ ಬಾಕಿ.