ಬುದ್ಧನ ಹಿತ್ತಾಳೆ ಮೂರ್ತಿಯನ್ನು ಪಾಲಿಶ್‌ಗೆ ಕೊಡುವ ಮುಂಚೆ ದಯವಿಟ್ಟು ಓದಿ

ದಸರಾ ಹತ್ತಿರ ಬಂತು. ಮೈಸೂರಿನ ಮನೆಗಳಲ್ಲಿ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಯುವ ಸಮಯ, ಹಿತ್ತಾಳೆ ಸಾಮಾನಿಗೆಲ್ಲ ಹುಣಸೆಹಣ್ಣು ಬೀಳುವ ಸಮಯ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಹೋದ ವರ್ಷ ಇದೇ ಹೊತ್ತಿಗೆ ನಮ್ಮ ಮನೆಯ ಬುದ್ಧನನ್ನು ನಾನು ಹಾಳು ಮಾಡಿಸಿಕೊಂಡು ಬಂದೆ.

ಆ ಮೂರ್ತಿ ಅಪ್ಪನದು. ಪಿರಿಯಾಪಟ್ಟಣದಲ್ಲಿ ಕೆಲಸದಲ್ಲಿದ್ದಾಗ ಬೈಲುಕುಪ್ಪೆಯ ಒಂದು ಟಿಬೆಟಿಯನ್ ಕುಟುಂಬದ ಜೊತೆ ಅವರಿಗೆ ತುಂಬಾ ಬಳಕೆ ಇತ್ತು. ಅಪ್ಪ ರಿಟೈರ್ ಆದಾಗ ಆ ಕುಟುಂಬದವರು ಕೊಟ್ಟದ್ದು. ಒಂದು ಗೇಣು ಎತ್ತರ. ಎಡಗೈ ಮಡಿಲಲ್ಲಿ, ಅದರಲ್ಲಿ ಭಿಕ್ಷಾಪಾತ್ರೆ. ಬಲಗೈ ಮಂಡಿಯ ಮೇಲಿಂದ ಇಳಿದು, ಬೆರಳ ತುದಿ ನೆಲ ಮುಟ್ಟಿದೆ. ಜ್ಞಾನೋದಯದ ಹೊತ್ತಲ್ಲಿ ಭೂಮಿಯನ್ನೇ ಸಾಕ್ಷಿಗೆ ಕರೆದ ಭೂಮಿಸ್ಪರ್ಶ ಮುದ್ರೆ. ಮೈ ಹಿತ್ತಾಳೆ, ಮುಖಕ್ಕೆ ಮಾತ್ರ ಮಂಕು ಚಿನ್ನದ ಬಣ್ಣ, ಕೂದಲಿಗೆ ನೀಲಿ. ಉಟ್ಟ ಬಟ್ಟೆಯ ಅಂಚಿನಲ್ಲಿ ಉಳಿಯಿಂದ ಕೊರೆದ ಬಳ್ಳಿ, ಮೈಸೂರು ಸಿಲ್ಕಿನ ಸಣ್ಣ ಜರಿ ಅಂಚಿನ ಹಾಗೆ. ಅಪ್ಪ ದಿನಾ ಬೆಳಿಗ್ಗೆ ಅದರ ಮುಂದೆ ಒಂದು ಬಟ್ಟಲು ನೀರಿಟ್ಟು ಸುಮ್ಮನೆ ಕೂರುತ್ತಿದ್ದರು.

ಅಪ್ಪ ಹೋದ ಮೇಲೆ ಮೂರ್ತಿ ಕಂದುಗಟ್ಟಿತ್ತು. ಗೊಂಬೆ ಕೂರಿಸುವಾಗ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳ ಪಕ್ಕ ಇಡೋಣ, ಹೊಳೆಯಲಿ ಅಂತ ಹಿತ್ತಾಳೆ ಪಾಲಿಶ್ ಮಾಡುವ ಒಂದು ಅಂಗಡಿಗೆ ಕೊಟ್ಟೆ. ಹೆಸರು ಬೇಡ. 'ಹೊಸದರ ಹಾಗೆ ಮಾಡಿ ಕೊಡ್ತೀವಿ ಮೇಡಂ' ಅಂದರು.

ಎರಡು ದಿನ ಬಿಟ್ಟು ಹೋದೆ. ಕೈಗೆ ತಗೊಂಡ ಕೂಡಲೇ ಹಗುರ ಅನ್ನಿಸಿತು. ಕಾಗದ ಬಿಚ್ಚಿದೆ. ಮುಖ ಬೋಳು. ಕಣ್ಣು ಬರೆದದ್ದು ಬಣ್ಣದಲ್ಲಿ, ಅದು ಚಿನ್ನದ ಜೊತೆಗೇ ಹೋಗಿತ್ತು. ಬಫಿಂಗ್ ಚಕ್ರಕ್ಕೆ ಹಿಡಿದು ಅಂಚಿನ ಬಳ್ಳಿಯೆಲ್ಲ ಸವೆದಿತ್ತು. ತಿರುಗಿಸಿದರೆ ತಳವೇ ಇಲ್ಲ! ಕೇಳಿದ್ದಕ್ಕೆ, 'ಆಸಿಡ್‌ಗೆ ಅದ್ದಬೇಕಲ್ವಾ, ಒಳಗೆ ನೀರು ನಿಲ್ಲುತ್ತೆ ಅಂತ ತಗಡು ಕಿತ್ತೆವು. ಬರೀ ಹಳೇ ಪೇಪರ್ ಸುರುಳಿ ತುಂಬಿತ್ತು, ಎಸೆದ್ವಿ' ಅಂದರು.

ಆ ಭಾನುವಾರವೇ ಬೈಲುಕುಪ್ಪೆ ಬಸ್ಸು ಹತ್ತಿದೆ. ಅಲ್ಲಿ ವಯಸ್ಸಾದ ಒಬ್ಬ ಭಿಕ್ಷು, ಕನ್ನಡ ಚೆನ್ನಾಗಿ ಬರುತ್ತಿತ್ತು, ಮೂರ್ತಿಯ ಒಳಗೆ ಬೆರಳಾಡಿಸಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಆ ಪೇಪರ್ ಸುರುಳಿಗೆ 'ಝುಂಗ್' ಅನ್ನುತ್ತಾರೆ. ಮಂತ್ರ ಅಚ್ಚು ಹಾಕಿದ ಕಾಗದವನ್ನು ಬಿಗಿಯಾಗಿ ಸುತ್ತಿ, ಬಟ್ಟೆಯಲ್ಲಿ ಕಟ್ಟಿ ಒಳಗೆ ತುಂಬುತ್ತಾರೆ. ನಡುವೆ ಒಂದು ಮರದ ಕಡ್ಡಿ, 'ಸೋಕ್‌ಶಿಂಗ್', ಅಂದರೆ ಪ್ರಾಣದ ಮರ. ಸಂದಿಗೆ ಧೂಪದ ಪುಡಿ. ತಳಕ್ಕೆ ತಾಮ್ರದ ತಗಡು ಬಡಿದು ಮುಚ್ಚಿ, 'ರಬ್ನೆ' ಮಾಡಿದ ಮೇಲೆಯೇ ಅದು ಪೂಜೆಯ ಮೂರ್ತಿ. ನಮ್ಮ ಪ್ರಾಣಪ್ರತಿಷ್ಠೆ ಇದ್ದ ಹಾಗೆ. ನಾವೆಲ್ಲ ನಿಂತು ಫೋಟೋ ತೆಗೆಸಿಕೊಳ್ಳುವ ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ಮಠದ (ಗೋಲ್ಡನ್ ಟೆಂಪಲ್) 60 ಅಡಿ ಬುದ್ಧ ಕೂಡ ಚಿನ್ನದ ಲೇಪದ ತಾಮ್ರ. ಅದರ ಒಳಗೂ ಗ್ರಂಥಗಳಿವೆ, ಮಣ್ಣಿನ ಪುಟ್ಟ ಸ್ತೂಪಗಳಿವೆ. ಎಷ್ಟು ಸಲ ನೋಡಿದ್ದೆ, ನನಗೆ ಇದು ಗೊತ್ತೇ ಇರಲಿಲ್ಲ.

ಮತ್ತೆ ತುಂಬಿಸಿ ರಬ್ನೆ ಮಾಡಬಹುದು ಅಂದರು, ಮಾಡಿಕೊಟ್ಟರು. ಚಿನ್ನದ ಪುಡಿಯನ್ನು ಅಂಟಿನಲ್ಲಿ ಕಲಸಿ ಮುಖ ಬರೆಸಿದ್ದಾಯಿತು. ಹೊಸ ಕಣ್ಣು ಚೆನ್ನಾಗಿದೆ. ಆದರೆ ಅಪ್ಪ ನೋಡುತ್ತಿದ್ದ ಕಣ್ಣಲ್ಲ. ಬಳ್ಳಿ ಅಂತೂ ಬರಲಿಲ್ಲ.

ಮನೆಯಲ್ಲೇ ಹುಣಸೆಹಣ್ಣು, ನಿಂಬೆ, ಪಾಲಿಶ್ ಪೌಡರ್ ಹಾಕಿ ಉಜ್ಜಿದರೂ ಮುಖದ ಬಣ್ಣ ಉಳಿಯುವುದಿಲ್ಲ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಹುಳಿ ಜಾಸ್ತಿ ಹೊತ್ತು ಕೂತರೆ ಸತು ಕರಗಿ, ಕೆಂಪು ಮಚ್ಚೆ ಏಳುತ್ತದೆ. ಉಪ್ಪು ಸಂದಿಯಲ್ಲಿ ಉಳಿದರೆ ಹಸಿರು ಪುಡಿ ಬರುತ್ತದೆ. ಕಂದು ಬಣ್ಣ ಕೊಳೆ ಅಲ್ಲ, ಹಾಗೇ ಬಿಡಿ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ಒಣ ಹತ್ತಿ ಬಟ್ಟೆಯಲ್ಲಿ ಮೈ ಒರೆಸಿ, ಮುಖ ಮುಟ್ಟಬೇಡಿ. ಅಭಿಷೇಕ ಬೇಡ, ಅರಿಶಿನ ಕುಂಕುಮ ಹಚ್ಚಬೇಡಿ. ಎತ್ತುವಾಗ ಎರಡೂ ಕೈ ಪೀಠದ ಕೆಳಗಿರಲಿ, ಬೆವರಿನ ಕೈ ಆಗದು.

ನಿಮ್ಮ ಮನೆಯಲ್ಲೂ ಇಂಥ ಮೂರ್ತಿ ಇದ್ದರೆ ಮೆಲ್ಲಗೆ ವಾಲಿಸಿ ತಳ ನೋಡಿ. ಮುಚ್ಚಿದ ತಗಡು, ಅದರ ಮೇಲೆ ಅಡ್ಡಡ್ಡ ಕೂಡಿದ ಎರಡು ವಜ್ರಾಯುಧದ ಗುರುತು ಕಂಡರೆ ಒಳಗೆ ಝುಂಗ್ ಇದೆ ಅಂತಲೇ ತಿಳಿಯಿರಿ. ಅಲುಗಾಡುತ್ತಿದ್ದರೂ ನೀವು ಕೀಳಬೇಡಿ. ಬಟ್ಟೆ ಸುತ್ತಿ, ತೊಡೆ ಮೇಲಿಟ್ಟುಕೊಂಡು ಬೈಲುಕುಪ್ಪೆಗೆ ಹೋಗಿ. ಮೈಸೂರಿನಿಂದ 80 ಕಿಲೋಮೀಟರ್ ಅಷ್ಟೇ.