ಏರ್‌ಫಿಕ್ಸ್‌ನ ಹಳೆಯ ‘ಹುಡ್’ ಹಡಗಿನ ಕಿಟ್: ಕಟ್ಟುವವರಿಗೊಂದು ವಿಮರ್ಶೆ

ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1/600 ಅಳತೆಯಲ್ಲಿ (ಅಂದರೆ ನಿಜವಾದ ಹಡಗಿನ ಆರುನೂರರಲ್ಲಿ ಒಂದು ಪಾಲು) ಹೊರತಂದ ಯುದ್ಧನೌಕೆಗಳ ಪ್ಲಾಸ್ಟಿಕ್ ಕಿಟ್‌ಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿನದು ಬ್ರಿಟಿಷ್ ನೌಕಾಪಡೆಯ ಯುದ್ಧನೌಕೆ ಎಚ್‌ಎಂಎಸ್ ಹುಡ್. ಚಿಕ್ಕಮಗಳೂರಿನ ಆಟಿಕೆ ಅಂಗಡಿಗಳಲ್ಲಿ ಇಂಥವು ಸಿಗುವುದಿಲ್ಲವಾದ್ದರಿಂದ, ಬೆಂಗಳೂರಿನ ಸಂಗ್ರಹಕಾರರೊಬ್ಬರಿಂದ ಸೀಲ್ ಒಡೆದಿದ್ದ, ಆದರೆ ಒಂದು ತುಂಡೂ ಕಳೆದಿರದ ಹಳೆಯ ಪೆಟ್ಟಿಗೆಯನ್ನು ತರಿಸಿಕೊಂಡು, ಪೂರ್ತಿ ಕಟ್ಟಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಈ ಕಿಟ್‌ನ ಮೊದಲ ಗುಣ ಅದರ ಅಳತೆ. ಅಮೆರಿಕದ ರೆವೆಲ್ ಕಂಪನಿ 1953ರಲ್ಲಿ ತಂದ ಮಿಸ್ಸೂರಿ ನೌಕೆಯ ಕಿಟ್ 1/535ರದು. ಆಗೆಲ್ಲ ಪೆಟ್ಟಿಗೆಯ ಗಾತ್ರಕ್ಕೆ ತಕ್ಕಂತೆ ಹಡಗನ್ನು ಕುಗ್ಗಿಸುತ್ತಿದ್ದುದರಿಂದ ಎರಡು ಮಾದರಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಕಷ್ಟವಾಗುತ್ತಿತ್ತು. ಏರ್‌ಫಿಕ್ಸ್ ಈ ಸಾಲಿನ ಯುದ್ಧನೌಕೆಗಳಿಗೆ ಒಂದೇ ಅಳತೆಯನ್ನು ಹಿಡಿಯಿತು. 1941ರ ಮೇ 24ರಂದು ಡೆನ್ಮಾರ್ಕ್ ಜಲಸಂಧಿಯಲ್ಲಿ ಹುಡ್‌ಗೆ ಎದುರಾದ ಜರ್ಮನ್ ಯುದ್ಧನೌಕೆಗಳಾದ ಬಿಸ್ಮಾರ್ಕ್ ಮತ್ತು ಪ್ರಿನ್ಜ್ ಆಯ್ಗನ್ ಎರಡೂ ಇದೇ ಸಾಲಿನಲ್ಲಿವೆ. ಸುಮಾರು 44 ಸೆಂಟಿಮೀಟರ್ ಉದ್ದದ ಹುಡ್‌ನ ಪಕ್ಕದಲ್ಲಿ 42 ಸೆಂಟಿಮೀಟರ್‌ಗೆ ಸ್ವಲ್ಪ ಕಡಿಮೆಯಿರುವ ಬಿಸ್ಮಾರ್ಕ್ ಅನ್ನು ನಿಲ್ಲಿಸಿದಾಗ, ಅಂದು ಮುಳುಗಿದ್ದು ಹೆಚ್ಚು ಉದ್ದದ ಹಡಗು ಎಂಬುದು ಕಣ್ಣಿಗೇ ಕಾಣುತ್ತದೆ. ಆ ದಿನ ಹುಡ್‌ನಲ್ಲಿದ್ದ 1,418 ಮಂದಿಯಲ್ಲಿ ಬದುಕಿದವರು ಮೂವರು ಮಾತ್ರ. ಮಾದರಿ ಕಟ್ಟುವಾಗ ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನನಗನಿಸುತ್ತದೆ.

ಒಡಲಿನ ಎರಡು ಪಾರ್ಶ್ವಗಳನ್ನು ಸೇರಿಸಿದ ಕೂಡಲೇ ಉದ್ದನೆಯ ಮುಂಭಾಗವೂ, ಅಲೆ ಬಂದರೆ ತೊಯ್ದುಹೋಗುತ್ತಿದ್ದ ತಗ್ಗಾದ ಹಿಂಬದಿಯ ಅಟ್ಟವೂ (ಡೆಕ್) ಸ್ಪಷ್ಟವಾಗಿ ಮೂಡಿ, ಹಡಗಿನ ಸ್ವಭಾವ ತಿಳಿಯತೊಡಗುತ್ತದೆ. ಆದರೆ ಅಟ್ಟವೂ ಒಡಲೂ ಕೂಡುವಲ್ಲಿ ಸಂದು ಉಳಿಯುತ್ತದೆ. ಪುಟ್ಟಿ ತುಂಬಿ, ನೀರು ಹಾಕಿ ಉಜ್ಜುವ ಮರಳು ಕಾಗದದಿಂದ ತಾಳ್ಮೆಯಿಂದ ಉಜ್ಜಲೇಬೇಕು. ಪಾಲಿಸ್ಟೈರೀನ್ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವುದರಿಂದ ಹೆಚ್ಚು ಹಚ್ಚಿದರೆ ಸಣ್ಣ ವಿವರಗಳೂ ಕರಗುತ್ತವೆ. ಅಚ್ಚು ಸವೆದಂತೆಲ್ಲ ತುಂಡುಗಳ ಅಂಚಿನಲ್ಲಿ ತೆಳು ಪೊರೆಯಂತೆ ಹೆಚ್ಚುವರಿ ಪ್ಲಾಸ್ಟಿಕ್ ಉಳಿಯುತ್ತದೆ. ಆದ್ದರಿಂದ ಮರುಬಿಡುಗಡೆಗಿಂತ ಮೊದಲ ವರ್ಷಗಳ ಪ್ರತಿ ಸಿಕ್ಕರೆ ಒಳ್ಳೆಯದು.

ಫಿರಂಗಿಗಳ ವಿಷಯದಲ್ಲಿ ನನ್ನ ಆಕ್ಷೇಪವಿದೆ. ಹುಡ್‌ನ 15 ಅಂಗುಲದ ಫಿರಂಗಿಯ ಬಾಯಿ ಈ ಅಳತೆಯಲ್ಲಿ ಸುಮಾರು 0.6 ಮಿಲಿಮೀಟರ್ ಆಗಬೇಕು. ಕಿಟ್‌ನ ನಳಿಗೆಗಳ ತುದಿಯಾದರೋ ಮುಚ್ಚಿದೆ. ಕೈಡ್ರಿಲ್ಲಿನಿಂದ ಎಂಟಕ್ಕೂ ರಂಧ್ರ ಕೊರೆದರೆ ಇಡೀ ಮಾದರಿಗೆ ಜೀವ ಬರುತ್ತದೆ. ಪಟಸ್ತಂಭದ ಹಗ್ಗಗಳಿಗೆ ಹಣ ಖರ್ಚು ಮಾಡಬೇಕಾಗಿಲ್ಲ: ತುಂಡುಗಳನ್ನು ಹಿಡಿದಿದ್ದ ಸ್ಪ್ರೂ ಕಡ್ಡಿಯನ್ನು ಮೇಣದಬತ್ತಿಯ ಜ್ವಾಲೆಯ ಮೇಲೆ ತಿರುಗಿಸುತ್ತ, ಮೆತ್ತಗಾದೊಡನೆ ಜ್ವಾಲೆಯಿಂದ ಹೊರತೆಗೆದು ಎಳೆದರೆ, ಕೂದಲಿನಷ್ಟು ಸಣ್ಣ ದಾರ ಸಿದ್ಧ.

ಮಲೆನಾಡಿನವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ತೇವದ ಗಾಳಿಯಲ್ಲಿ ಎನಾಮೆಲ್ ಬಣ್ಣ ಒಣಗಲು ಹೆಚ್ಚು ಸಮಯ ಹಿಡಿಯುತ್ತದೆ, ಮೇಲೆ ಸಿಂಪಡಿಸುವ ಲ್ಯಾಕರ್ ಬಿಳಚಿಕೊಳ್ಳುತ್ತದೆ. ಮಳೆಗಾಲವನ್ನು ಉಜ್ಜುವ, ಜೋಡಿಸುವ ಕೆಲಸಕ್ಕೆ ಮೀಸಲಿಟ್ಟು, ಬಣ್ಣವನ್ನು ಬೇಸಿಗೆಗೆ ಬಿಡುವುದೇ ಲೇಸು. ಹಳೆಯ ಪೆಟ್ಟಿಗೆಗಳ ಡೆಕಾಲ್ (ನೀರಿನಲ್ಲಿ ನೆನೆಸಿ ಮಾದರಿಗೆ ಅಂಟಿಸುವ ಗುರುತಿನ ಚಿತ್ರಗಳ ಹಾಳೆ) ಹಳದಿಯಾಗಿದ್ದರೆ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿಟ್ಟರೆ ಬಣ್ಣ ಸಾಕಷ್ಟು ತಿಳಿಯಾಗುತ್ತದೆ. ಬಳಸುವ ಮುನ್ನ ಪಾರದರ್ಶಕ ಲ್ಯಾಕರ್ ಒಂದು ಲೇಪ ಕೊಟ್ಟರೆ ನೀರಿನಲ್ಲಿ ಚೂರಾಗುವುದಿಲ್ಲ.

ಏರ್‌ಫಿಕ್ಸ್ 1981ರಲ್ಲಿ ಪಾಲಿಟಾಯ್‌ಗೆ, 1986ರಲ್ಲಿ ಹಂಬ್ರೋಲ್‌ಗೆ, 2006ರಲ್ಲಿ ಹಾರ್ನ್‌ಬಿಗೆ ಕೈಬದಲಾದ ಕಂಪನಿ. ಹಾಗಾಗಿ ಪೆಟ್ಟಿಗೆಯ ಮೇಲಿನ ಹೆಸರು ನೋಡಿದರೆ ಪ್ರತಿ ಯಾವ ಕಾಲದ್ದೆಂದು ಅಂದಾಜು ಸಿಗುತ್ತದೆ. ಕಪಾಟಿನಲ್ಲಿ ಇಟ್ಟುಕೊಳ್ಳುವ ಸಂಗ್ರಹಕಾರರು ಸೀಲ್ ಒಡೆಯದ ಪೆಟ್ಟಿಗೆಗೆ ಎಷ್ಟಾದರೂ ಕೊಡಲಿ, ಕಟ್ಟುವವರು ಅದಕ್ಕಾಗಿ ಹೆಚ್ಚು ಬೆಲೆ ತೆರುವುದು ಅನವಶ್ಯಕ. ತೆರೆದ ಪೆಟ್ಟಿಗೆಯನ್ನು ಕೊಳ್ಳುವ ಮುನ್ನ ನಾಲ್ಕು ಫಿರಂಗಿ ಗೋಪುರಗಳೂ ಎಂಟು ನಳಿಗೆಗಳೂ ಇವೆಯೇ ಎಂದು ಕೇಳಿ, ಒಡಲಿನ ಎರಡೂ ಪಾರ್ಶ್ವಗಳನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ತೆಗೆದ ಚಿತ್ರವನ್ನು ತರಿಸಿಕೊಳ್ಳಿ. ಸ್ವಲ್ಪ ಸೊಟ್ಟಗಿದ್ದರೆ ಬಿಸಿನೀರಿನಲ್ಲಿ ಅದ್ದಿ ನೇರ ಮಾಡಬಹುದು, ಬಿರುಕು ಬಿಟ್ಟಿದ್ದರೆ ಆ ಪೆಟ್ಟಿಗೆಯನ್ನು ಬಿಟ್ಟು ಇನ್ನೊಂದನ್ನು ಹುಡುಕಿ.