ದೇವರನ್ನು ನಂಬದ ಚಿಕ್ಕಪ್ಪನಿಗೆ ಹ್ಯೂಮನಿಸ್ಟ್ ಅಂತ್ಯಕ್ರಿಯೆ: ಐದಕ್ಕೆ ನಾಲ್ಕೂವರೆ ಸ್ಟಾರ್

ಇಂಗ್ಲೆಂಡಿನಲ್ಲಿರುವ ಕನ್ನಡದವರಿಗೆ ಈ ರಿವ್ಯೂ ಉಪಯೋಗಕ್ಕೆ ಬರಬಹುದು. ಮನೆಯಲ್ಲಿ ದೇವರನ್ನು ನಂಬದವರು ತೀರಿಕೊಂಡರೆ ಪುರೋಹಿತರ ಬದಲು ಯಾರನ್ನು ಕರೆಯುವುದು, ಅಲ್ಲಿ ಏನು ಓದುವುದು? ನಾವು ಚಿಕ್ಕಪ್ಪನಿಗಾಗಿ ಹ್ಯೂಮನಿಸ್ಟ್ ಸೆಲೆಬ್ರೆಂಟ್, ಅಂದರೆ ದೇವರು ಧರ್ಮ ಇಲ್ಲದೆ ಅಂತ್ಯಕ್ರಿಯೆ ನಡೆಸಿಕೊಡುವವರು, ಒಬ್ಬರನ್ನು ಗೊತ್ತು ಮಾಡಿದೆವು. ಅರ್ಧ ಸ್ಟಾರ್ ಯಾಕೆ ಕಡಿಮೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಚಿಕ್ಕಪ್ಪ ದಾವಣಗೆರೆಯವರು. ಮಿಡ್‌ಲ್ಯಾಂಡ್ಸ್‌ನಲ್ಲಿ ಎಂಜಿನಿಯರ್ ಆಗಿದ್ದು ರಿಟೈರ್ ಆದವರು. 'ನಾನು ಸತ್ತ ಮೇಲೆ ಮಂತ್ರ ಬೇಡ, ತಿಥಿ ಬೇಡ, ಸುಮ್ನೆ ಸುಟ್ಟುಬಿಡಿ' ಅಂತ ಊಟ ಮಾಡುತ್ತಲೇ ಹೇಳುತ್ತಿದ್ದರು. ಏನು ಬೇಡ ಅನ್ನುವುದು ಎಲ್ಲರಿಗೂ ಬಾಯಿಪಾಠ. ಏನು ಬೇಕು ಅಂತ ಯಾರೂ ಕೇಳಿರಲಿಲ್ಲ. ಮದುವೆಗಾದರೆ ಕುವೆಂಪು ಅವರ ಮಂತ್ರಮಾಂಗಲ್ಯ ಇದೆ, ಪುಸ್ತಕ ಹಿಡಿದು ಓದಿದರೆ ಆಯಿತು. ಸಾವಿಗೆ ಅಂಥದ್ದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಊರಲ್ಲಿ ಬೆಳಿಗ್ಗೆ ಹೋದರೆ ಸಂಜೆಯೊಳಗೆ ಎಲ್ಲಾ ಮುಗಿಯುತ್ತದೆ. ಇಲ್ಲಿ ಡಾಕ್ಟರ ಸರ್ಟಿಫಿಕೇಟ್, ರಿಜಿಸ್ಟ್ರಾರ್, ಕ್ರಿಮೆಟೋರಿಯಂ ಸ್ಲಾಟ್ ಅಂತ ಎರಡು ಮೂರು ವಾರ ಹಿಡಿಯುವುದು ಮಾಮೂಲು. ಆ ಕಾಯುವಿಕೆ ಹಿಂಸೆ. ಆದರೆ ಯೋಚಿಸಲು ಸಮಯ ಸಿಗುತ್ತದೆ, ಜಗಳ ಆಡಲೂ.

ಫ್ಯೂನರಲ್ ಡೈರೆಕ್ಟರ್ ಮೊದಲು ಒಂದು ಪಟ್ಟಿ ಕೊಟ್ಟರು, 'ಧಾರ್ಮಿಕವಲ್ಲದ ಓದುಗಳು' ಅಂತ. ಪಟ್ಟಿಯ ತಲೆಯಲ್ಲೇ, ಸಾವು ಏನೂ ಅಲ್ಲ, ನಾನು ಪಕ್ಕದ ಕೋಣೆಗೆ ಹೋಗಿದ್ದೇನೆ ಅಷ್ಟೆ ಅನ್ನುವ ಪ್ರಸಿದ್ಧ ಸಾಲುಗಳು. ಅವು ಹೆನ್ರಿ ಸ್ಕಾಟ್ ಹಾಲೆಂಡ್ ಎಂಬ ಪಾದ್ರಿ 1910ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಮಾಡಿದ ಉಪದೇಶದಿಂದ ಬಂದದ್ದು! ದೇವರ ಹೆಸರು ಬರದ ಭಾಗವನ್ನಷ್ಟೇ ಎತ್ತಿ ಪಟ್ಟಿಗೆ ಹಾಕಿದ್ದಾರೆ. ಅದರ ಕೆಳಗಿನದು ನನ್ನ ಸಮಾಧಿಯ ಬಳಿ ನಿಂತು ಅಳಬೇಡಿ ಅನ್ನುವ ಕವಿತೆ. ನಾವು ಸುಡುವವರು, ಸಮಾಧಿ ಎಲ್ಲಿಂದ ತರುವುದು?

ದಾವಣಗೆರೆಯಿಂದಲೂ ಸಲಹೆಗಳು ಬಂದವು. ಅತ್ತೆ 'ಕರುಣಾಳು ಬಾ ಬೆಳಕೆ' ಹಾಡಿಸಿ, ಅದರಲ್ಲಿ ಯಾವ ದೇವರೂ ಇಲ್ಲ ಅಂದರು. ನಮ್ಮ ಕಡೆ ಸಂತಾಪ ಸಭೆ ಅಂದರೆ ಆ ಹಾಡು ಇದ್ದೇ ಇರುತ್ತದೆ, ಅಲ್ವಾ? ನಾನು ಅದರ ಅರ್ಥ ಹೇಳುತ್ತಿದ್ದಂತೆ ಸೆಲೆಬ್ರೆಂಟ್ ನಕ್ಕರು. ಅದು ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಬರೆದ ಪ್ರಾರ್ಥನೆ. ಬಿ.ಎಂ.ಶ್ರೀ. ಕನ್ನಡಕ್ಕೆ ತಂದರು. ನ್ಯೂಮನ್‌ರನ್ನು 2019ರಲ್ಲಿ ಪೋಪ್ ಸಂತರೆಂದೇ ಸಾರಿದ್ದಾರೆ. ಚಿಕ್ಕಪ್ಪ ಇದ್ದಿದ್ದರೆ ಇದನ್ನು ಕೇಳಿ ಒಂದು ವಾರ ಅತ್ತೆಯನ್ನು ರೇಗಿಸುತ್ತಿದ್ದರು. ಇನ್ನೊಬ್ಬ ಕಸಿನ್, ಬಸವಣ್ಣನ ವಚನ ಓದಿ, ಕೊನೆಯ ಕೂಡಲಸಂಗಮದೇವ ಬಿಟ್ಟುಬಿಡಿ ಅಂದ. ಇದು ಮಾತ್ರ ನನಗೆ ಸರಿಬರಲಿಲ್ಲ. ಅಂಕಿತ ಕತ್ತರಿಸಿ ವಚನ ಓದುವುದಕ್ಕಿಂತ ಓದದೇ ಇರುವುದು ವಾಸಿ.

ಈಗ ಸೆಲೆಬ್ರೆಂಟ್ ವಿಷಯ. ಆಕೆ ಮನೆಗೆ ಬಂದು ಚಿಕ್ಕಮ್ಮನ ಜೊತೆ ಬಹಳ ಹೊತ್ತು ಕೂತರು. ಒಂದು ಕವಿತೆಯನ್ನೂ ಹೊರಗೆ ತೆಗೆಯಲಿಲ್ಲ. ಚಿಕ್ಕಪ್ಪನಿಗೆ ಸಿಟ್ಟು ಬರುತ್ತಿದ್ದದ್ದು ಯಾವುದಕ್ಕೆ? ಪದೇ ಪದೇ ಹೇಳುತ್ತಿದ್ದ ಮಾತು ಯಾವುದು? ಅವರ ಕೈಬರಹದ್ದು ಏನಾದರೂ ಇದೆಯಾ? ಇಂಥ ಪ್ರಶ್ನೆಗಳೇ. ಈ ಸೇವೆಗೆ ದುಡ್ಡು ಕೊಡುವುದು ಇದಕ್ಕೆ. ಕವಿತೆ ಯಾರು ಬೇಕಾದರೂ ಹುಡುಕುತ್ತಾರೆ.

ಪದೇ ಪದೇ ಹೇಳುತ್ತಿದ್ದ ಮಾತು ಅಂದ ಕೂಡಲೇ ಚಿಕ್ಕಮ್ಮ 'ಬದುಕು ಜಟಕಾಬಂಡಿ' ಅಂದರು. ಬಸ್ ತಡವಾದರೂ ಅದೇ, ಬಾಯ್ಲರ್ ಕೆಟ್ಟರೂ ಅದೇ. ಡಿ.ವಿ.ಜಿ.ಯವರ ಕಗ್ಗದ ಈ ಪದ್ಯದಲ್ಲಿ 'ಮದುವೆಗೋ ಮಸಣಕೋ' ಅಂತಲೇ ಬರುತ್ತದೆ. ನಾಲ್ಕೇ ಸಾಲು, ಅರ್ಧ ನಿಮಿಷವೂ ಬೇಡ. ವಿಧಿಯನ್ನು ನಂಬದವರಿಗೆ ಈ ಪದ್ಯವಾ ಅಂತ ಕಸಿನ್ ಕೊಂಕು ತೆಗೆದ. ಅವರೇ ದಿನಾ ಹೇಳುತ್ತಿದ್ದದ್ದಲ್ವಾ ಅಂತ ಚಿಕ್ಕಮ್ಮ ಬಾಯಿ ಮುಚ್ಚಿಸಿದರು.

ಕೈಬರಹದ್ದು ಅಂದರೆ ಅವರ ತೋಟದ ನೋಟ್‌ಬುಕ್. ಇಲ್ಲಿ ಕೌನ್ಸಿಲ್‌ನವರು ಬಾಡಿಗೆಗೆ ಕೊಡುವ ಅಲಾಟ್‌ಮೆಂಟ್ ತುಂಡಿನಲ್ಲಿ ಮೆಂತ್ಯ, ಹುರುಳಿಕಾಯಿ ಬೆಳೆಯುತ್ತಿದ್ದರು. 'ಮೆಂತ್ಯ ಮೊಳಕೆ ಬಂತು. ಬಸವನಹುಳು ತಿಂದಿತು. ಮತ್ತೆ ಹಾಕಿದೆ. ಮತ್ತೆ ತಿಂದಿತು. ಪಕ್ಕದವನ ಮೆಂತ್ಯ ಮುಟ್ಟಿಲ್ಲ.' ಮೊಮ್ಮಗಳು ಇದನ್ನು ಇಂಗ್ಲಿಷಿನಲ್ಲಿ ಓದಿದಳು. ಚಾಪೆಲ್ (ಕ್ರಿಮೆಟೋರಿಯಂನ ಹಾಲ್‌ಗೆ ಇಲ್ಲಿ ಹಾಗೇ ಅನ್ನುತ್ತಾರೆ) ಪೂರ್ತಿ ನಕ್ಕಿತು. ಆ 'ಪಕ್ಕದವನು' ಎರಡನೇ ಸಾಲಿನಲ್ಲೇ ಕೂತಿದ್ದ, ಅವನೇ ಜಾಸ್ತಿ ನಕ್ಕ.

ಒಂದು ತೊಡಕು ಇತ್ತು. ಚಿಕ್ಕಮ್ಮ ಶನಿವಾರ ತಪ್ಪದೆ ಆಂಜನೇಯನಿಗೆ ದೀಪ ಹಚ್ಚುವವರು. ಒಂದು ಪ್ರಾರ್ಥನೆಯೂ ಬೇಡವಾ ಅಂತ ಅತ್ತರು. ಹ್ಯೂಮನಿಸ್ಟ್ ಸೆಲೆಬ್ರೆಂಟ್ ಪ್ರಾರ್ಥನೆ ಮಾಡಿಸುವುದಿಲ್ಲ. ಆದರೆ ನಡುವೆ ಸ್ವಲ್ಪ ಹೊತ್ತು ಮೌನ ಇಡುತ್ತಾರೆ, ನಂಬುವವರು ಮನಸ್ಸಿನಲ್ಲೇ ಪ್ರಾರ್ಥಿಸಬಹುದು. ಚಿಕ್ಕಮ್ಮನ ತುಟಿ ಅಲ್ಲಾಡಿದ್ದು ನನಗೆ ಕಂಡಿತು. ನಿಮಗೆ ಭಜನೆಯೋ ಶ್ಲೋಕವೋ ಬೇಕೇ ಬೇಕು ಅಂದರೆ ಸಿವಿಲ್ ಸೆಲೆಬ್ರೆಂಟ್ ಅಂತ ಬೇರೆ ಇದ್ದಾರೆ. ಅವರು ಎರಡನ್ನೂ ಬೆರೆಸಿ ಮಾಡಿಕೊಡುತ್ತಾರೆ. ಬುಕ್ ಮಾಡುವ ಮುಂಚೆ ಕೇಳಿಕೊಳ್ಳಿ.

ನಮ್ಮ ಸ್ಲಾಟ್ 40 ನಿಮಿಷ. ಒಳಗೆ ಬಂದು ಕೂರುವುದು, ಎದ್ದು ಹೋಗುವುದು ಎಲ್ಲಾ ಅದರಲ್ಲೇ. ಹಿಂದಿನ ದಿನ ಗಟ್ಟಿಯಾಗಿ ಓದಿ, ಗಡಿಯಾರ ನೋಡಿಕೊಳ್ಳಿ. ಗಂಟಲು ಕಟ್ಟಿದರೆ ತಾನೇ ಮುಂದುವರಿಸುತ್ತೇನೆ ಅಂತ ಸೆಲೆಬ್ರೆಂಟ್ ಒಂದು ಪ್ರತಿ ಇಟ್ಟುಕೊಂಡಿದ್ದರು. ಕನ್ನಡದ್ದನ್ನು ಆಕೆ ಓದಲಾರರು, ಹಾಗಾಗಿ ಓದುವ ಅಣ್ಣನ ಪಕ್ಕದಲ್ಲಿ ನಾನು ನಿಂತೆ.

ಅರ್ಧ ಸ್ಟಾರ್ ಹೋಗಿದ್ದು ಇಲ್ಲೇ. ಆಕೆಯ ಬರಹದಲ್ಲಿ ನಮ್ಮ ಕಗ್ಗದ ಜಾಗದಲ್ಲಿ 'ಕನ್ನಡ ಪದ್ಯ, 1 ನಿಮಿಷ' ಅಂತ ಅಷ್ಟೇ ಇತ್ತು. ಅರ್ಥ ಏನು, ಯಾರು ಬರೆದದ್ದು ಅಂತ ಕೇಳಿದ್ದು ಹಿಂದಿನ ಸಂಜೆ. ಅರ್ಧ ಜನ ಇಂಗ್ಲಿಷರು ಇರುವಾಗ ಇದನ್ನು ಮೊದಲೇ ಕೇಳಬೇಕಿತ್ತು. ಕ್ರಿಮೆಟೋರಿಯಂನ ವೆಬ್‌ಕಾಸ್ಟ್ ಬಗ್ಗೆಯೂ ಒಂದು ಮಾತು. ಮೈಕ್ ಇದ್ದದ್ದು ಓದುವ ಸ್ಟ್ಯಾಂಡಿನಲ್ಲಿ ಮಾತ್ರ. ಅಣ್ಣ ಅದರಿಂದ ದೂರ ನಿಂತು ಓದಿದ, ದಾವಣಗೆರೆಯವರಿಗೆ ಏನೂ ಕೇಳಿಸಲಿಲ್ಲ. ಅದು ಸೆಲೆಬ್ರೆಂಟ್ ತಪ್ಪಲ್ಲ, ಸ್ಟಾರ್ ಕಡಿತ ಇಲ್ಲ.

ಕೊಟ್ಟದ್ದು 250 ಪೌಂಡ್, ಫ್ಯೂನರಲ್ ಡೈರೆಕ್ಟರ್ ಬಿಲ್ ಬೇರೆ. ಆಮೇಲೆ ಇಡೀ ಕಾರ್ಯಕ್ರಮದ ಬರಹವನ್ನು ನೀಟಾಗಿ ಪ್ರಿಂಟ್ ಮಾಡಿ ಕಳಿಸಿದರು. ಕರ್ನಾಟಕದಲ್ಲಿರುವವರಿಗೆ ಚಿತಾಗಾರದ ಗಡಿಬಿಡಿಯಲ್ಲಿ ಇದೆಲ್ಲ ಆಗದು. ಆದರೆ ವೈಕುಂಠ ಸಮಾರಾಧನೆ ಬದಲು ನುಡಿನಮನ ಇಟ್ಟುಕೊಂಡರೆ ಇದೇ ರೀತಿ ಮಾಡಬಹುದು, ಸೆಲೆಬ್ರೆಂಟ್ ಬೇಕಿಲ್ಲ, ಮನೆಯವರಲ್ಲೇ ಚೆನ್ನಾಗಿ ಪ್ರಶ್ನೆ ಕೇಳುವವರೊಬ್ಬರು ಸಾಕು. ನೋಟ್‌ಬುಕ್ ಗೀಟ್‌ಬುಕ್ ಸಿಕ್ಕಿದರೆ ಮೊದಲು ಫೋಟೊಕಾಪಿ ಮಾಡಿಸಿ. ನಮ್ಮದು ಎಲ್ಲರ ಕೈ ದಾಟಿ ಈಗ ಯಾರ ಮನೆಯಲ್ಲಿದೆಯೋ ಹುಡುಕುತ್ತಿದ್ದೇವೆ.